ಬಾಣಂತಿ ಕೋಣೆಯ ಗೋಡೆ

ಬೇತಮಂಗಲದ ಕೆರೆ ಏರಿ ದಾಟಿದರೆ ಸಿಗುವ ಆ ಮನೆಗೆ ನಮ್ಮನ್ನು ಕರೆಸಿದ್ದು ಒಬ್ಬ ತುಂಬು ಬಸುರಿ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. “ಮೇಡಂ, ನಮ್ಮಮ್ಮ ಎಷ್ಟು ಸಲ ಸುಣ್ಣ ಬಳಿದ್ರೂ ಗೋಡೆ ಅಳದಿ ಬತ್ತೈತೆ. ಆ ರೂಮಲ್ಲಿ ಕುಂತ್ರೆ ಕಣ್ಣುರಿ,” ಎಂದು ಫೋನಿನಲ್ಲಿ ಹೇಳಿದ್ದಳು.

ಅದಕ್ಕೂ ಮೊದಲು ಮನೆಯ ಹಿಂಭಾಗದ ಆ ಕೋಣೆಯನ್ನು ಇಬ್ಬರು ಗಂಡಸರು ಬಾಡಿಗೆಗೆ ಹಿಡಿದಿದ್ದರು. ಫಿನಾಯಿಲ್ ಮಾಡುತ್ತೇವೆ ಎಂದಿದ್ದರಂತೆ. ಮಾಡುತ್ತಿದ್ದದ್ದು ಮಾದಕ ಪುಡಿ. ಪೊಲೀಸರು ಬಂದು ಅವರನ್ನೂ ಅವರ ಗಾಜಿನ ಪಾತ್ರೆ, ಕ್ಯಾನುಗಳನ್ನೂ ಹೊತ್ತೊಯ್ದರು. ಗೋಡೆ ಕುಡಿದ ವಿಷದ ಹೊಗೆಯನ್ನು ಯಾರು ಹೊತ್ತೊಯ್ಯುತ್ತಾರೆ? ಆ ಮಾತನ್ನು ಮನೆಯವರಿಗೆ ಯಾರೂ ಹೇಳಿರಲಿಲ್ಲ. ನನಗೆ ಮೈಯೆಲ್ಲ ಉರಿಯುವುದು ಇಂಥ ಕಡೆಯೇ.

ಇಂಥ ಮನೆಗಳನ್ನು ಶುಚಿ ಮಾಡುವುದು ನನ್ನ ಕಸುಬು. ಕೆಜಿಎಫ್‌ನ ಕಾರ್ಖಾನೆ ಕೆಲಸಕ್ಕೆ ಧಾರವಾಡದ ಕಡೆಯಿಂದ ಬಂದವರ ಮಗಳು ನಾನು. ಕೆಮಿಸ್ಟ್ರಿ ಓದಿ ಪೊರಕೆ ಹಿಡಿದಳು ಎಂದು ನಂಟರು ಇಂದಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ನಂದಿದುರ್ಗ ಗಣಿಯ ಕೂಲಿಕಾರರ ಲೈನ್ ಮನೆಗಳಲ್ಲಿ ಬೆಳೆದ ನನ್ನ ಜೊತೆಗಾರನೂ ನಾನೂ ಬಿಳಿ ಸೂಟು, ಮಾಸ್ಕು ಹಾಕಿಕೊಂಡು ಅಂಗಳಕ್ಕೆ ಇಳಿದಾಗ ಬಸುರಿಯ ತಾಯಿ ಬಾಗಿಲಲ್ಲೇ ನಕ್ಕಳು.

“ಏನಮ್ಮಾ, ಜೇನು ಕೀಳಕ್ಕೆ ಬಂದ್ರಾ?”

ಆಕೆ ಆ ಹಿಂದಿನ ಕೋಣೆಯನ್ನೇ ಬಾಣಂತನಕ್ಕೆ ಅಣಿಮಾಡಿದ್ದಳು. ನೆಲವನ್ನು ಸಗಣಿಯಿಂದ ಸಾರಿಸಿದ್ದಳು. ಇದ್ದ ಒಂದೇ ಕಿಟಕಿಗೆ ಗೋಣಿಚೀಲ ತುರುಕಿದ್ದಳು. ಗೋಡೆ ತೇವ ಹಿಡಿದಿದೆಯೆಂದು ಮೂಲೆಯಲ್ಲಿ ಕೆಂಡದ ಬಾಣಲೆ ಇಟ್ಟಿದ್ದಳು. ಆ ಕಾವಿಗೆ ಹೊಸ ಸುಣ್ಣವನ್ನು ಸೀಳಿಕೊಂಡು ಜೇನಿನ ಬಣ್ಣದ ಹನಿಗಳು ಮೂಡಿ ಮೆಲ್ಲಗೆ ಕೆಳಗಿಳಿಯುತ್ತಿದ್ದವು.

“ಅಕ್ಕಾ, ಸೆವುರು ವೇರ್ಕುದು,” ಎಂದ ಜೊತೆಗಾರ ತಮಿಳಿನಲ್ಲಿ. ನಿಜ, ಗೋಡೆ ಬೆವರುತ್ತಿತ್ತು. ಕಲೆ ಹಿಡಿದ ಗೋಡೆಗಳನ್ನು ಬೇಕಾದಷ್ಟು ನೋಡಿದ್ದೆ. ಇದನ್ನು ಕಂಡು ಮಾತ್ರ ಭಯವಾಯಿತು, ಜೊತೆಗೇ ಕಣ್ಣು ಕೀಳಲಾಗಲಿಲ್ಲ.

“ಇದೇ ಕೋಣೆ ಯಾಕಮ್ಮಾ?” ಎಂದೆ.

“ಇಲ್ಲಿ ಒಂದಿಷ್ಟೂ ಗಾಳಿ ನುಗ್ಗಲ್ಲ ಕಣಮ್ಮ. ಇವಳು ಉಟ್ಟಿದ್ದೂ ಇಲ್ಲೇ.”

ಆ ಬಾಡಿಗೆಯವರೂ ಅದಕ್ಕೇ ಅಲ್ಲವೇ ಇದನ್ನು ಆರಿಸಿದ್ದು! ಗಾಳಿ ನುಗ್ಗದ ಕೋಣೆಯಿಂದ ವಾಸನೆಯೂ ಹೊರಬೀಳುವುದಿಲ್ಲ. ಕೂಸನ್ನು ಕಾಯುವವಳಿಗೂ ವಿಷ ಬೇಯಿಸುವವರಿಗೂ ಬೇಕಾಗಿದ್ದದ್ದು ಒಂದೇ ಗುಣ.

ಮರುಕ್ಷಣವೇ ರೇಗಿದೆ. ಕೆಂಡ ಹೊರಗೆ ಹಾಕಿಸಿ, ಕಾವು ತಗುಲಿದರೆ ಗೋಡೆಯಲ್ಲಿರುವುದೆಲ್ಲ ಆವಿಯಾಗಿ ಮಗುವಿನ ಎದೆ ಸೇರುತ್ತದೆ ಎಂದು ಕೂಗಾಡಿದೆ.

“ಅಂಗಾದ್ರೆ ತೊಳೀರಿ. ಅದಕ್ಕೆ ತಾನೆ ಬಂದಿರಾದು?”

“ಮಣ್ಣಿನ ಗೋಡೆ ತೊಳೆಯೋಕಾಗಲ್ಲಮ್ಮ. ಕೆಡವಬೇಕು.”

“ನಮ್ಮತ್ತೆ ಕಟ್ಟಿದ ಗೋಡೆ,” ಎಂದವಳು ಮಗಳ ಕಡೆ ಕೈ ತೋರಿಸಿದಳು. “ತವರಲ್ಲಿ ಜಾಗ ಇಲ್ಲ ಅಂತ ಇವಳನ್ನ ಕಾಮಸಮುದ್ರಕ್ಕೆ ವಾಪಸ್ ಕಳಿಸ್ಲಾ? ಅತ್ತೆಮನೇಲಿ ಇವಳು ತಲೆ ಎತ್ತೋದೆಂಗೆ?”

ಮನೆಯಲ್ಲೆಲ್ಲ ಹತ್ತಿಯಿಂದ ಒರೆಸಿ ಮಾದರಿ ತೆಗೆದು ಲ್ಯಾಬಿಗೆ ಕಳಿಸಿದೆ. ನಡುಮನೆ, ಅಡುಗೆಮನೆಗಳಲ್ಲೂ ವಿಷದ ಅಂಶ ಸಿಕ್ಕಿತು. ಅವುಗಳದು ಸಿಮೆಂಟು ಗೋಡೆ, ತೊಳೆಯಬಹುದು, ಆದರೆ ಹೆರಿಗೆಯ ಹೊತ್ತಿಗೆ ಮುಗಿಯುವ ಕೆಲಸವಲ್ಲ. ಅಂಗಳದಾಚೆ ಬೇರೆಯಾಗಿದ್ದ ದನದ ಕೊಟ್ಟಿಗೆಯೊಂದೇ ಶುದ್ಧವಾಗಿತ್ತು. ವರದಿ ಬಂದ ದಿನ ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನಲ್ಲಿ ನಿಂತು ಬಸುರಿಯ ತಾಯಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಆಕೆ “ಸರಿ ಬುಡು” ಎಂದಳು, ಅಷ್ಟೇ.

ಗೋಡೆ ಕೆಡವಲು ಹೋದ ದಿನ ನೋಡಿದರೆ ಹಸುಗಳು ಹೊಂಗೆಮರದ ಕೆಳಗಿದ್ದವು. ತೊಳೆದು ಒಣಗಿಸಿದ ಕೊಟ್ಟಿಗೆಯಲ್ಲಿ ಮಗಳ ಮಂಚ. ಒಂದು ಕಡೆ ಗೋಡೆಯೇ ಇಲ್ಲ, ಗಾಳಿ ತನ್ನಿಷ್ಟಕ್ಕೆ ಓಡಾಡುತ್ತಿತ್ತು. ಬಾಣಂತಿಗೆ ಗಾಳಿ ಸೋಕಬಾರದೆಂದು ಬದುಕಿಡೀ ನಂಬಿದವಳು ತನ್ನ ಕೈಯಾರೆ ಆ ಮಂಚ ಹಾಕಿದ್ದಳು. ಅಕ್ಕಪಕ್ಕದವರು ಬಾಯಿಗೆ ಬಂದಂತೆ ಆಡಿದರಂತೆ. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನಾಗಿದ್ದರೆ ಅಷ್ಟು ಗಟ್ಟಿಯಾಗಿ ನಿಲ್ಲುತ್ತಿದ್ದೆನೋ ಇಲ್ಲವೋ.

ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿ ತಾಯಿ ಮಗು ಕೊಟ್ಟಿಗೆಗೆ ಬಂದ ಮೇಲೆ, ತೊಳೆದ ನಡುಮನೆಯನ್ನು ಮತ್ತೆ ಪರೀಕ್ಷಿಸಲು ಹೋಗಿದ್ದೆ. ಪಕ್ಕದ ಮನೆಯ ಹೆಂಗಸು ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಅಜ್ಜಿಯಾದವಳು ದೂರದಲ್ಲಿ ಕೈಕಟ್ಟಿ ನಿಂತಿದ್ದಳು.

“ಅಮ್ಮ ಇನ್ನೂ ಕೂಸನ್ನ ಮುಟ್ಟೇ ಇಲ್ಲ ಮೇಡಂ,” ಎಂದಳು ಬಾಣಂತಿ.

ಅಜ್ಜಿ ನನ್ನೆದುರು ಎರಡೂ ಅಂಗೈ ಚಾಚಿದಳು. “ಆ ಗೋಡೆಗೆ ಸುಣ್ಣ ಸವರಿದ ಕೈ ಇವು. ಇವನ್ನೂ ಒರೆಸಿ ನೋಡಮ್ಮ.”

ಇಷ್ಟು ದಿನವಾದ ಮೇಲೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ ಎಂದು ಹೇಳಬಹುದಿತ್ತು. ಲ್ಯಾಬಿಗೆ ಕಳಿಸುವ ಅಗತ್ಯವೂ ಇರಲಿಲ್ಲ. ಆದರೂ ಹತ್ತಿ ತೆಗೆದು ಒಂದೊಂದು ಬೆರಳನ್ನೂ, ಉಗುರಿನ ಸಂದಿಯನ್ನೂ ಒರೆಸಿದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು.

“ಏನೂ ಇಲ್ಲಮ್ಮ. ಎತ್ಕೊಳ್ಳಿ,” ಎಂದೆ.

ಆಕೆ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ನೆಲದ ಮೇಲೆ ಕಾಲು ಚಾಚಿ ಕೂತು, “ತತ್ತಾ ಇಲ್ಲಿ, ನೀರು ನಾನು ಉಯ್ತೀನಿ,” ಎಂದು ಕೈ ನೀಡಿದಳು.