ಮದ್ದು ಹಾಕದೆ ನೋಡಿದ ಕಣ್ಣು

ಶ್ರಾವ್ಯಾ, ಕೌಶಿಕ್, ಕಳೆದ ವಾರ ಮಣಿಪಾಲದ ಆಸ್ಪತ್ರೆಯಲ್ಲಿ ಕೌಶಿಕನ ಕಣ್ಣಿಗೆ ಹನಿ ಮದ್ದು ಹಾಕಿದರಲ್ಲ, ಆ ಪುಟ್ಟ ಬಾಟಲಿಯ ಕೆಂಪು ಮುಚ್ಚಳ ಕಂಡು ನನಗೆ ಕಾರ್ಕಳದ ಕನ್ನಡಕದಂಗಡಿಯ ಅಣ್ಣ ನೆನಪಾದರು. ಯಾಕೆ ಸುಮ್ಮನಾದೆ ಅಜ್ಜಿ ಎಂದು ನೀವು ಕೇಳಿದಿರಿ. ಆಗ ಹೇಳಲಾಗಲಿಲ್ಲ, ಈಗ ಬರೆಯುತ್ತೇನೆ.

ಅವರು ನನ್ನ ಒಡಹುಟ್ಟಿದವರಲ್ಲ. ನಿಮ್ಮ ಅಜ್ಜ ತೀರಿಹೋದ ವರ್ಷ, ನಾಲ್ಕು ಜನರೆದುರು ಬಾಯಿ ತೆರೆಯಲೂ ಹೆದರುತ್ತಿದ್ದ ನನ್ನ ಜೊತೆ ಕಚೇರಿಗಳಿಗೆ ಬಂದು ಅರ್ಜಿ ಬರೆದುಕೊಟ್ಟವರು. ಹಾಗಾಗಿ ಮೂರನೆಯ ತರಗತಿಯಲ್ಲಿದ್ದ ನಿಮ್ಮ ಅಮ್ಮ ತಲೆನೋವು ಎಂದಾಗ ನೇರವಾಗಿ ಅವರ ಅಂಗಡಿಗೇ ಕರೆದುಕೊಂಡು ಹೋದೆ. ಮಣಿಪಾಲಕ್ಕೆ ಹೋಗಬೇಕಾ ಎಂದು ಕೇಳಿದ್ದೆ ಕೂಡ.

"ಎಂತಕ್ಕೆ ತಂಗಿ, ದಿನಪೂರ್ತಿ ಕ್ಯೂ ನಿಲ್ಲಲಿಕ್ಕಾ? ನಾನಿಲ್ಲಿ ಕೂತದ್ದು ಮತ್ತೆಂತಕ್ಕೆ, ನೊಣ ಹೊಡೆಯಲಿಕ್ಕಾ?"

ಗಾಜು ಬದಲಿಸುತ್ತಾ ಯಾವುದು ಚೆನ್ನಾಗಿ ಕಾಣುತ್ತದೆ ಎಂದು ಕೇಳಿದರು. ಅಕ್ಷರ ಕಪ್ಪಗೆ, ಚಿಕ್ಕದಾಗಿ ಕಂಡದ್ದನ್ನೇ ಮಗು ಚೆನ್ನಾಗಿದೆ ಎಂದಿತು. ಕಾಲು ಗಂಟೆಯಲ್ಲಿ ಮುಗಿಯಿತು.

ಕನ್ನಡಕ ಹಾಕಿದ ಮೇಲೆ ನೋವು ಹೆಚ್ಚಾಯಿತು. ಮತ್ತೆ ಹೋದರೆ, "ಅಭ್ಯಾಸ ಆಗ್ತದೆ, ತೆಗೆಯಲಿಕ್ಕೆ ಬಿಡಬೇಡ" ಎಂದರು. ನಾನು ಬಿಡಲಿಲ್ಲ. ಓದು ತಪ್ಪಿಸಲು ಕಳ್ಳಾಟ ಎಂದು ಬೈದೆ. ಒಮ್ಮೆ ಅವಳು ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಾಗ ಸೌಟಿನಲ್ಲಿ ಹೊಡೆದೆ... ಅವಳು ಅಳಲೂ ಇಲ್ಲ.

ವರ್ಷ ಕಳೆದ ಮೇಲೆ ಶಾಲೆಯ ಟೀಚರ್ ಒತ್ತಾಯಿಸಿ ನಮ್ಮನ್ನು ಮಣಿಪಾಲಕ್ಕೆ ಕಳುಹಿಸಿದರು. ಅಲ್ಲಿ ಬೆಂಚಿನ ಮೇಲೆ ಅದೇ ಅಣ್ಣ! ಪಕ್ಕದಲ್ಲಿ ಅವರ ಮಗಳು ಕಣ್ಣು ಮುಚ್ಚಿ ಕೂತಿದ್ದಳು. ಕೆನ್ನೆಯ ಮೇಲೆ ಮದ್ದು ಇಳಿದಿತ್ತು.

"ಮಗುವಿಗೆ ಎಂತ ಆಯಿತು ಅಣ್ಣ?"

"ಎಂತ ಇಲ್ಲ, ನಂಬರ್ ನೋಡಿಸುವ ಅಂತ. ಮಕ್ಕಳ ಕಣ್ಣು ಬಿಗಿ ಹಿಡಿದು ಇಲ್ಲದ ನಂಬರ್ ತೋರಿಸ್ತದೆ. ಮದ್ದು ಹಾಕಿ ಸಡಿಲ ಮಾಡದೆ ಸರಿ ಸಿಗುವುದಿಲ್ಲ ಅಲ್ವಾ..."

ಹೇಳುತ್ತಿರುವಾಗಲೇ ನನ್ನ ಮಗಳ ಕನ್ನಡಕ ಅವರಿಗೆ ಕಂಡಿತು. ತಮ್ಮ ಮಗಳ ಕೆನ್ನೆ ಒರೆಸಲು ಆಚೆ ತಿರುಗಿದರು.

ಒಳಗೆ ಡಾಕ್ಟರೂ ಅದನ್ನೇ ಹೇಳಿದರು. ಅಂಗಡಿಯಲ್ಲಿ ಕೊಟ್ಟದ್ದು ಮೈನಸ್ ಗಾಜು, ಈ ಮಗುವಿಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧವಾದ ಪ್ಲಸ್ ಗಾಜಂತೆ. ಅಣ್ಣ ಗೊತ್ತಿಲ್ಲದೆ ತಪ್ಪಿದ್ದರೆ ನಾನು ಮರೆಯುತ್ತಿದ್ದೆ. ಆದರೆ ಅವರಿಗೆ ಗೊತ್ತಿತ್ತು.

ಮನೆಗೆ ಹೊಸ ಭತ್ತದ ತೆನೆ ಕಟ್ಟುವ ದಿನ ಪ್ರತಿವರ್ಷ ಅವರ ಅಂಗಡಿಗೂ ಒಂದು ಹಿಡಿ ಒಯ್ಯುತ್ತಿದ್ದೆ. ಆ ವರ್ಷದಿಂದ ಒಯ್ಯಲಿಲ್ಲ. ಅವರೂ ಯಾಕೆಂದು ಕೇಳಲಿಲ್ಲ. ಈಗ ಅವರಿಲ್ಲ. ಅಂಗಡಿ ಇದ್ದಲ್ಲಿ ಮೊಬೈಲ್ ಮಾರುತ್ತಾರೆ. ನಿಮ್ಮ ಮಗಳಿಗೊಂದು ನ್ಯಾಯ, ನನ್ನ ಮಗಳಿಗೊಂದಾ ಎಂದು ಅವರನ್ನು ಒಮ್ಮೆಯಾದರೂ ಕೇಳಬೇಕಿತ್ತು...

ಅವರ ಮೇಲಿನ ಸಿಟ್ಟಿನಲ್ಲಿ ಇನ್ನೊಂದು ಮಾತು ಹಾಗೇ ಉಳಿದುಹೋಯಿತು. ನಿಮ್ಮ ಅಮ್ಮ ವರ್ಷವಿಡೀ ನೋವು, ನೋವು ಎಂದಳು. ನಾನು ಅವಳನ್ನು ಬಿಟ್ಟು ಅಂಗಡಿಯವರನ್ನು ನಂಬಿದೆ. ಅವಳಿಗೆ ನಂಬಲು ನಾನಲ್ಲದೆ ಬೇರೆ ಯಾರಿದ್ದರು? ತಪ್ಪಾಯಿತು ಮಗಾ ಎಂದು ಇದುವರೆಗೆ ಹೇಳಿಲ್ಲ. ಈ ಹಾಳೆಗಳನ್ನು ಒದ್ದೆಯಾಗದಂತೆ ಜೋಪಾನ ಮಾಡಿ, ಮಕ್ಕಳೇ. ನನಗೆ ಹೇಳಲಾಗದೆ ಹೋದರೆ ನೀವು ಅಮ್ಮನಿಗೆ ಓದಿ ಹೇಳಿ.