ರೊಟ್ಟಿಯ ಮೇಲಿನ ಗೆರೆ

ಸತ್ತವರು ಬಂದು ಹೀಗೆ ಮಾಡಿದರು, ಹಾಗೆ ಹೇಳಿದರು ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಕೊಟ್ಟೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿಯೇ ನಿವೃತ್ತನಾದವನು ನಾನು. ಅಂಥ ಮಾತೆತ್ತಿದರೆ ಹೆಂಡತಿಯನ್ನೂ ಬಿಡದೆ ಗದರಿಸುತ್ತಿದ್ದೆ. ಈಗ ನನ್ನದೇ ಒಂದು ಸಂಗತಿ ಹೇಳುತ್ತೇನೆ. ನೀವು ನಂಬಲೇಬೇಕೆಂದಿಲ್ಲ, ನನಗೇ ಇನ್ನೂ ಸರಿಯಾಗಿ ನಂಬಲಾಗಿಲ್ಲ.

ಕೆಲವು ವರ್ಷಗಳ ಹಿಂದೆ ಪುದುಚೇರಿಯಲ್ಲಿರುವ ಗೆಳೆಯನೊಬ್ಬ ಸೆಲೀನ್ ಎಂಬ ವಯಸ್ಸಾದ ಹೆಂಗಸನ್ನು ನನ್ನ ಬಳಿ ಕಳಿಸಿದ. ಅವರ ವಂಶದ ಮೊದಲಿಗ ಫ್ರಾನ್ಸಿನಿಂದ ಹಡಗಿನಲ್ಲಿ ಬಂದು ಪುದುಚೇರಿಯಲ್ಲಿ ಮನೆ ಮಾಡಿದವನು. ತೋಪು ಹಾರಿಸುವುದರಲ್ಲಿ ಪಳಗಿದ್ದ ಅವನನ್ನು ನಮ್ಮ ಸೀಮೆಯ ಪಾಳೆಯಗಾರನೊಬ್ಬ ಕರೆಸಿಕೊಂಡನಂತೆ. ಬಸುರಿ ಹೆಂಡತಿಯನ್ನು ಬಿಟ್ಟು ಬಂದವನು ತಿರುಗಿ ಹೋಗಲೇ ಇಲ್ಲ. ಮನೆಯವರ ಬಾಯಲ್ಲಿ ಉಳಿದದ್ದು ಇಷ್ಟೇ. ಸೆಲೀನ್‌ಗೆ ಮಕ್ಕಳಿಲ್ಲ, ಒಡಹುಟ್ಟಿದವರೂ ಇಲ್ಲ, ಮೈಯಲ್ಲಿ ವಾಸಿಯಾಗದ ಕಾಯಿಲೆ. ಅವನ ಮಣ್ಣು ಎಲ್ಲಿದೆಯೆಂದು ನೋಡಿ ಸಾಯಬೇಕು, ತಾನು ಹೋದರೆ ಅವನನ್ನು ನೆನೆಯುವವರು ಯಾರೂ ಇರುವುದಿಲ್ಲ ಎಂದರು. ಪಾಪ ಅನ್ನಿಸಿತು.

ಹರಪನಹಳ್ಳಿಯ ಕೋಟೆ, ಹಡಗಲಿಯ ಹಳೆಯ ಗೋರಿಗಳು, ಬಾಗಳಿಯ ಗುಡಿಯ ಸುತ್ತಲಿನ ಕಲ್ಲುಗಳು, ಎಲ್ಲ ನೋಡಿದೆವು. ಏನೂ ಸಿಗಲಿಲ್ಲ. ಕೊನೆಗೆ ಹಗರಿಬೊಮ್ಮನಹಳ್ಳಿಯಲ್ಲಿ ರೈಲು ಹತ್ತಲು ಹೊರಟವರು, ದಾರಿಯಲ್ಲೇ ಇದೆಯೆಂದು ಹೊಸಹಳ್ಳಿ ಕಡೆಯ ಕುರಿ ಸಾಕುವ ಮಾಳವ್ವನ ಮನೆಗೆ ಹೋದೆವು. ಅವಳ ಮಗ ನನ್ನ ವಿದ್ಯಾರ್ಥಿ. ಅವರ ಹೊಲದಲ್ಲಿ ಹೆಸರಿಲ್ಲದ ಒಂದು ಕಲ್ಲಿದೆ, ಹಿರಿಯರಿಗೆ ಎಡೆ ಇಡುವ ಮಹಾಲಯ ಅಮಾವಾಸ್ಯೆಯಲ್ಲಿ ಅದಕ್ಕೂ ಎಡೆ ಇಡುತ್ತಾರೆ ಎಂದು ಅವನು ಹೇಳಿದ್ದ. ಅವತ್ತೇ ಆ ಅಮಾವಾಸ್ಯೆ.

"ಅದು ನಮ್ಮ ಹಿರೇರ್ದಲ್ರಿ ಮೇಷ್ಟ್ರ," ಎಂದಳು ಮಾಳವ್ವ. "ಕುರಿ ಕಾಯಾಕ ಹೋದ ನಮ್ಮ ಮುತ್ತಜ್ಜನ ಮುತ್ತಜ್ಜಗ ಯಾವನೋ ಗುರುತಿಲ್ಲದವನ ಹೆಣ ಸಿಕ್ಕಿತ್ತಂತ. ಮಣ್ಣು ಮಾಡಿ ಕಲ್ಲು ನೆಟ್ಟಾನ. ಅವನೂ ಯಾರ ಮಗನೋ ಏನೋ, ಹಸಕೊಂಡಿರಬಾರ್ದು ನೋಡ್ರಿ."

ದಾರಿಯಲ್ಲಿ ಸತ್ತವರು ಎಷ್ಟು ಜನವೋ, ಇದನ್ನೇ ನಿಮ್ಮವನದೆಂದು ಹೇಳಲಾಗದು ಎಂದು ನಾನು ಸೆಲೀನ್‌ಗೆ ಖಡಾಖಂಡಿತವಾಗಿ ಹೇಳಿದೆ. ಅವರು ತಲೆಯಾಡಿಸಿದರು. ಮುಖ ಬಾಡಿಹೋಯಿತು.

ಒಲೆಯ ಮುಂದೆ ಮಾಳವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾವು ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ತಮ್ಮ ಹಿರಿಯರ ಪಾಲಿನವು ಮುಗಿದವು. ಕಲ್ಲಿನ ಪಾಲಿನ ರೊಟ್ಟಿ ಬಡಿದವಳೇ ಅದರ ಮೇಲೆ ಉಗುರಿನಿಂದ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದಳು. ಸೆಲೀನ್ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು.

"ಅದ್ಯಾಕವ್ವಾ ಆ ಗೆರೆ?" ಎಂದೆ.

"ಯಾವ ಗೆರಿ?" ಎಂದು ಅವಳು ನಕ್ಕಳು. ತೋರಿಸಿದೆ. ರೊಟ್ಟಿ ನೋಡಿದಳು, ಉಗುರಿಗೆ ಮೆತ್ತಿದ ಹಿಟ್ಟು ನೋಡಿದಳು, ನಗು ನಿಂತಿತು. "ಯವ್ವಾ, ಇದನ್ನ ನಾ ಮಾಡಿಲ್ರಿ!"

"ಅತ್ತಿ ಎಂದೂ ಹಿಂಗ್ ಮಾಡಾಕಿ ಅಲ್ರಿ," ಎಂದಳು ಸೊಸೆ.

ಸೆಲೀನ್ ಅಳುತ್ತಲೇ ಹೇಳಿದರು. ಅವನು ಹೋದಂದಿನಿಂದ ಅವರ ಮನೆಯ ಹೆಂಗಸರು ಬ್ರೆಡ್ ಕೊಯ್ಯುವ ಮೊದಲು ಚಾಕುವಿನ ಮೊನೆಯಿಂದ ಶಿಲುಬೆಯ ಗುರುತು ಎಳೆದು, ಮೊದಲ ಚೂರನ್ನು ಅವನಿಗೆಂದು ಎತ್ತಿಡುತ್ತಾರಂತೆ. ಕೊನೆಯವರು ಇವರು. ಇದನ್ನು ನನಗೂ ಹೇಳಿರಲಿಲ್ಲ. ಮಾಳವ್ವನ ಮನೆಯಲ್ಲಂತೂ ಅವರು ಚಹಾ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ, ಅವಳು ನೋಡಿ ಕಲಿತಳು ಎನ್ನಲು.

ಆ ರೊಟ್ಟಿಯನ್ನು ಸೆಲೀನ್ ಅವರೇ ಕಲ್ಲಿನ ಮುಂದೆ ಇಟ್ಟರು. ಬಿಸಿಲಲ್ಲಿ ಬಹಳ ಹೊತ್ತು ಕೂತರು. ನಾನು ಎಬ್ಬಿಸಲಿಲ್ಲ. ರೈಲು ತಪ್ಪಿತು.

ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಅವರು ತೀರಿಕೊಂಡಿದ್ದರು. ಮಾಳವ್ವ ಆಗಿನಿಂದ ಕಲ್ಲಿಗೆ ಎರಡು ರೊಟ್ಟಿ ಇಡುತ್ತಾಳೆ. "ಅಷ್ಟು ದೂರದಿಂದ ಹುಡುಕ್ಕೊಂಡು ಬಂದಾಕಿ, ಅವನ ಬಾಜೂಕ ಉಣ್ಣಲಿ ಬಿಡ್ರಿ," ಎನ್ನುತ್ತಾಳೆ. ನಾನು ಪ್ರತಿ ವರ್ಷ ಹೋಗಿ ಅವಳ ಕೈಯನ್ನೇ ನೋಡುತ್ತಾ ನಿಲ್ಲುತ್ತೇನೆ. ಆ ಗೆರೆ ಮತ್ತೆ ಮೂಡಿಲ್ಲ. ಕೈ ಅಭ್ಯಾಸವೋ, ಕಾಕತಾಳೀಯವೋ ಎಂದು ಲೆಕ್ಕ ಹಾಕುತ್ತಲೇ ಇದ್ದೇನೆ, ಯಾವುದೂ ಹೊಂದುವುದಿಲ್ಲ.

ಈ ವರ್ಷವೂ ಎರಡೂ ರೊಟ್ಟಿ ಬೋಳಾಗಿಯೇ ಇದ್ದವು. ಯಾಕೋ ಸಂಕಟವಾಯಿತು. ಹಂಚಿಗೆ ಹಾಕುವ ಮೊದಲು, "ತಡಿ ಮಾಳವ್ವ," ಎಂದು ಪಕ್ಕದಲ್ಲಿ ಕೂತೆ. ಎರಡರ ಮೇಲೂ ನನ್ನ ಉಗುರಿನಿಂದಲೇ ಗೆರೆ ಎಳೆದೆ, ಅಡ್ಡ ಒಂದು, ಉದ್ದ ಒಂದು.