ಹೆಗಲಿಗೆ ಹಾಕಿಕೊಂಡ ಟ್ಯೂಬು

ಎಸೆಗಿಯಲ್ ತೀರಿಕೊಂಡ. ಜುಲೈ ತಿಂಗಳು, ನಮ್ಮ ಮರುಭೂಮಿಯಲ್ಲಿ ಅದು ಚಳಿಗಾಲ, ಶಾಲೆಗೆ ರಜೆಯಿತ್ತು. ಕುಯಿಸೆಬ್ ನದಿಯ ದಂಡೆಯಲ್ಲಿ, ಒಂದು ಮುಳ್ಳುಮರದ ಬುಡದಲ್ಲಿ, ಹೃದಯ ನಿಂತು ಸತ್ತ. ಆಗ ಹತ್ತಿರವಿದ್ದವಳು ಅಪೊಲೋನಿಯಾ ಒಬ್ಬಳೇ.

ಹಾಸ್ಟೆಲಿನ ಅಡುಗೆಯವನಾಗಿ ಅವನು ನಮ್ಮ ಕಣಿವೆಯ ಎರಡು ತಲೆಮಾರಿನ ಮಕ್ಕಳಿಗೆ ಮೆಕ್ಕೆಜೋಳದ ಗಂಜಿ ಬಡಿಸಿದ. ಗಂಜಿ ಯಾವಾಗಲೂ ತಳ ಹಿಡಿದಿರುತ್ತಿತ್ತು. ಅವನ ಗಮನವೆಲ್ಲ ಹಿತ್ತಲಲ್ಲಿ ತಲೆಕೆಳಗು ಮಾಡಿ ನಿಲ್ಲಿಸಿದ ಯಾರದೋ ಸೈಕಲ್ಲಿನ ಮೇಲೆ. ಒಂದು ಬಿಡಿ ಟ್ಯೂಬನ್ನು ಹೆಗಲಿನಿಂದ ಸೊಂಟಕ್ಕೆ ಅಡ್ಡಡ್ಡ ಹಾಕಿಕೊಂಡೇ ಓಡಾಡುತ್ತಿದ್ದ.

“ಮದುಮಗ ಬಂದ, ಹಾರ ನೋಡ್ರೋ!” ಎಂದು ಮಕ್ಕಳು ಕೂಗಿದರೆ, “ಹೆಣ್ಣೆಲ್ಲಿ, ಅದನ್ನೂ ತೋರಿಸ್ರಿ ಮತ್ತೆ” ಎನ್ನುತ್ತಿದ್ದ. ಮದುವೆ ಅವನಿಗೆ ಕೊನೆಗೂ ಆಗಲಿಲ್ಲ.

ಅಪೊಲೋನಿಯಾ ಅದೇ ಹಾಸ್ಟೆಲಿನ ಮೇಟ್ರನ್. ಚಳಿಗಾಲದ ರಜೆ ಬಂತೆಂದರೆ ಇಬ್ಬರೂ ಸೈಕಲ್ ಹತ್ತಿ ಹೊರಡುವುದು ವಾಡಿಕೆ. ಒಣಗಿದ ನದಿಯ ದಂಡೆಗುಂಟ ಗಟ್ಟಿ ನೆಲ ಇರುವಷ್ಟು ದೂರ ಸೈಕಲ್, ಮರಳು ದಿಣ್ಣೆ ಶುರುವಾದಲ್ಲಿಂದ ಕಾಲ್ನಡಿಗೆ. ಹುಡುಕುತ್ತಿದ್ದದ್ದು ಅವನ ಅಜ್ಜಿಯ ಕಾಲುದಾರಿಯನ್ನು. ಆಕೆಯ ಮನೆಯವರು ನಾರಾ ಹಣ್ಣು, ಅಂದರೆ ಮರಳಲ್ಲೇ ಬೆಳೆಯುವ ಮುಳ್ಳುಮುಳ್ಳಿನ ಕರಬೂಜ, ಕೊಯ್ಯುತ್ತಿದ್ದ ಪೊದೆಗಳಿಗೆ ಹೋಗುವ ಆ ದಾರಿ, ದಿಣ್ಣೆಗಳು ಸರಿದು ಎಂದೋ ಮುಚ್ಚಿಹೋಗಿತ್ತು. ಪ್ರತಿ ಚಳಿಗಾಲದಲ್ಲೂ ಅದರ ಒಂದಿಷ್ಟು ತುಂಡು ಸಿಗುತ್ತಿತ್ತು: ಎಲ್ಲೋ ಮಡಕೆಯ ಚೂರು, ಎಲ್ಲೋ ಕತ್ತೆಗಾಡಿಯಿಂದ ಬಿದ್ದ ಮೊಳೆ.

ಆ ಬೆಳಿಗ್ಗೆ ಸಮುದ್ರದ ಕಡೆಯಿಂದ ಮಂಜು ಬರಲಿಲ್ಲ. ಮುಳ್ಳುಮರಕ್ಕೆ ಸೈಕಲ್ ಒರಗಿಸುವಾಗ ಅಪೊಲೋನಿಯಾ ನೋಡುತ್ತಾಳೆ, ತನ್ನ ಸೈಕಲ್ಲಿನ ಹಿಂದಿನ ಚಕ್ರ ಚಪ್ಪಟೆಯಾಗಿದೆ.

“ಈಗಲೇ ಟ್ಯೂಬ್ ಹಾಕ್ಬಿಡು.”

“ಬಂದ್ಮೇಲೆ ಹಾಕಿದ್ರಾಯ್ತು. ಹಾರ ಕೊರಳಲ್ಲೇ ಇದೆಯಲ್ಲ.”

“ಬೆವರ್ತಿದೀನಿ ಕಣೋ. ಚಳಿಗಾಲದಲ್ಲಿ ಬೆಳಗ್ಗೆನೇ ಬೆವರೋದು ಅಂದ್ರೆ ಏನು ಗೊತ್ತಲ್ಲ?”

“ಗೊತ್ತು. ಮೇಟ್ರನಮ್ಮಂಗೆ ವಯಸ್ಸಾಯ್ತು ಅಂತ.”

ಅವನಿಗೆ ಗೊತ್ತಿಲ್ಲದ್ದೇನಲ್ಲ. ಚಳಿಗಾಲದ ಬೆಳಗು ಬೆಚ್ಚಗಿದ್ದರೆ ಮೂಡಣದಿಂದ ಬಿಸಿಗಾಳಿ ಏಳುತ್ತದೆಂದು ಕಣಿವೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಹಿಂದಿನ ಸಂಜೆ ದೂರದ ತಗ್ಗಿನಲ್ಲಿ ಅವನಿಗೆ ಒಂದು ಹಸಿರು ಚುಕ್ಕೆ ಕಂಡಿತ್ತು. ಹೊರೆ ಬೇಡವೆಂದು ಒಂದು ನೀರಿನ ಕ್ಯಾನನ್ನು ಸೈಕಲ್ ಹತ್ತಿರವೇ ಬಿಟ್ಟು, ಇನ್ನೊಂದನ್ನು ಹೊತ್ತು ನಡೆದರು.

ಹಸಿರು ಚುಕ್ಕೆ ನಾರಾ ಪೊದೆಯೇ ಆಗಿತ್ತು. ಅದರ ಬುಡದಲ್ಲಿ ಹಣ್ಣು ಬೇಯಿಸಿ ಕಪ್ಪಾದ ಕಲ್ಲುಗಳೂ ಇದ್ದವು. ಎಸೆಗಿಯಲ್ ಮೊಣಕಾಲೂರಿ ಅವುಗಳ ಮೇಲಿನ ಮರಳು ಸವರುತ್ತಿದ್ದ. ಸವರಿದಷ್ಟೂ ಮರಳು ಮತ್ತೆ ಬಂದು ಕೂರುತ್ತಿತ್ತು. ತಲೆಯೆತ್ತಿದರೆ ದಿಣ್ಣೆಗಳ ನೆತ್ತಿಯೆಲ್ಲ ಹೊಗೆಯಾಡುತ್ತಿದೆ. ಬಂದ ಹೆಜ್ಜೆ ಗುರುತು ಒಂದೂ ಇಲ್ಲ.

ಗಾಳಿ ಒಲೆಯ ಬಾಯಿಂದ ಬಂದಂತೆ ಬಂತು. ಕೈ ಚಾಚಿದರೆ ಬೆರಳು ಕಾಣದು. ಎಸೆಗಿಯಲ್ ಗಾಳಿಗೆ ಬೆನ್ನು ಕೊಟ್ಟು, “ಹೀಗೇ ಹೋಗೋಣ, ಗಾಳಿನೇ ತಳ್ಳುತ್ತೆ” ಎಂದು ಕೂಗಿದ. ಅವನು ಹೆದರಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

“ತಳ್ಳುತ್ತೆ, ಸಮುದ್ರಕ್ಕೆ! ಉಪ್ಪುನೀರು ಕುಡಿದು ಬದುಕ್ತೀಯಾ?”

“ಮತ್ತೆ?”

“ಮುಖ ಕೊಟ್ಟು ನಡಿ. ಗಾಳಿಗೆ ಎದುರು ಹೋದ್ರೆ ಎಲ್ಲಾದ್ರೂ ಒಂದು ಕಡೆ ನದಿ ಮರ ಸಿಕ್ಕೇ ಸಿಗುತ್ತೆ.”

ಅವನು ಹೆಗಲ ಟ್ಯೂಬು ತೆಗೆದ. ಒಂದು ಬದಿಗೆ ಅವಳ ಕೈ ತೂರಿಸಿ, ಇನ್ನೊಂದು ಬದಿಗೆ ತನ್ನ ಕೈ ತೂರಿಸಿಕೊಂಡ.

“ಕುಯ್ದು ಉದ್ದ ಮಾಡೋ, ಕಾಲಿಗೆ ಕಾಲು ತೊಡರುತ್ತೆ.”

“ಕುಯ್ದರೆ ನಿನ್ನ ಚಕ್ರಕ್ಕೇನು ಹಾಕ್ಲಿ? ನನ್ನ ಕರುಳಾ?”

ನಗಲು ಬಾಯಿ ತೆರೆದರೆ ಮರಳು. ನಡೆದರು. ಮೊದಮೊದಲು ಅವನೇ ಮುಂದಿದ್ದು ಗಾಳಿ ಒಡೆಯುತ್ತಿದ್ದ, ಅವಳು ಅವನ ಬೆನ್ನಿಗೆ ಹಣೆ ಒತ್ತಿಕೊಂಡು ಹೆಜ್ಜೆ ಇಡುತ್ತಿದ್ದಳು. ಕ್ಯಾನಿನ ನೀರು ಮುಗಿಯಿತು. ಎಷ್ಟು ದಿಣ್ಣೆ ಹತ್ತಿದರೋ, ಇಳಿದರೋ. ಯಾವಾಗಲೋ ಅವಳು ಮುಂದಾದಳು. ಆಮೇಲೆ ಟ್ಯೂಬು ಹಿಂದಕ್ಕೆ ಎಳೆಯತೊಡಗಿತು. ಎಳೆದಾಗಲೆಲ್ಲ ನಿಂತಳು, ಸಡಿಲಾದ ಮೇಲೆ ನಡೆದಳು. ಒಮ್ಮೆ ಎಷ್ಟು ಹೊತ್ತಾದರೂ ಸಡಿಲಾಗಲಿಲ್ಲ. ತಡವರಿಸುತ್ತ ಹಿಂದೆ ಬಂದು ನೋಡಿದರೆ ಅವನು ಕುಳಿತಿದ್ದ, ಕೈ ಎದೆಯ ಮೇಲಿತ್ತು.

“ಏಳೋ.”

“ಒಂಚೂರು ಕೂರ್ತೀನಿ. ನೀನು ಹೋಗಿರು.”

“ಕೈ ಬಿಡಲ್ಲ. ಕೂತ್ರೆ ನಾನೂ ಇಲ್ಲೇ ಕೂರ್ತೀನಿ, ನೋಡು.”

ಎದ್ದ. ಅವಳನ್ನು ಬೈಯುತ್ತಲೇ ಎದ್ದ. ಆ ಬೈಗುಳ ಅವಳಿಗೆ ಈಗಲೂ ಒಂದೂ ಬಿಡದೆ ನೆನಪಿದೆ.

ಮರ ಸಿಕ್ಕಿದ್ದು ಕೈಗೆ. ತೊಗಟೆ ಉಜ್ಜಿ ಅಂಗೈ ಕಿತ್ತುಹೋಯಿತು. ಮರಗಳ ಸಾಲು ಹಿಡಿದು ನಡೆದು ಸೈಕಲ್ ಮುಟ್ಟುವಾಗ ಗಾಳಿಯ ಅಬ್ಬರ ಇಳಿದಿತ್ತು. ಸೈಕಲ್‌ಗಳು ಅರ್ಧ ಮರಳಲ್ಲಿ ಹೂತಿದ್ದವು. ಕ್ಯಾನನ್ನು ಬಗೆದು ತೆಗೆದು ಅವಳು ಮೊದಲು ಅವನಿಗೆ ಕುಡಿಸಿದಳು. ಅವನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು, ಎಡಗೈ ಆಡುತ್ತಿರಲಿಲ್ಲ.

“ಮಲಗು. ನಿನ್ನ ಸೈಕಲ್ ತಗೊಂಡು ಹೋಗಿ ಜೀಪ್ ಕಳಿಸ್ತೀನಿ.”

“ನನ್ನದಾ? ನಿನ್ನ ಕಾಲು ಪೆಡಲಿಗೇ ಎಟುಕಲ್ಲ. ಬ್ರೇಕೂ ಇಲ್ಲ. ಬಿದ್ದು ಸಾಯ್ತೀಯ.”

ಅವಳು ಹತ್ತಿ ನೋಡಿದಳು. ಮರಳಲ್ಲಿ ಮೂರು ಮಾರು ಹೋಗಿ ಅಡ್ಡಬಿದ್ದಳು. ಎದ್ದು ತಿರುಗುವಷ್ಟರಲ್ಲಿ ಅವನು ಅವಳ ಸೈಕಲ್ಲನ್ನು ತಲೆಕೆಳಗು ಮಾಡಿದ್ದ. ಅವಳು ಚಕ್ರ ಹಿಡಿದುಕೊಂಡಳು. ಅವನು ಒಂದೇ ಕೈಯಲ್ಲಿ ಟೈರು ಬಿಡಿಸಿ, ಮುಳ್ಳು ಕಿತ್ತು ಬಿಸಾಡಿ, ಇಬ್ಬರ ಮಣಿಕಟ್ಟಿನ ಬೆವರು ಹತ್ತಿದ್ದ ಆ ಟ್ಯೂಬನ್ನು ಒಳಗೆ ಕೂರಿಸಿದ.

“ಪಂಪು ನಾನು ಹೊಡೀತೀನಿ ಕೊಡು.”

“ನೀನು ಹೊಡೆದ್ರೆ ಗಾಳಿ ನಿಲ್ಲಲ್ಲ. ಹಿಡ್ಕೋ ಸುಮ್ನೆ.”

ನಿಲ್ಲಿಸಿ ನಿಲ್ಲಿಸಿ ಹೊಡೆದ. ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದ, ಸಾಲದೆನಿಸಿ ಇನ್ನೊಂದಿಷ್ಟು ಹೊಡೆದ, ಮತ್ತೆ ಒತ್ತಿದ. ಆಮೇಲೆ ಹಲ್ಲಲ್ಲಿ ಕಚ್ಚಿಕೊಂಡಿದ್ದ ವಾಲ್ವಿನ ಪುಟ್ಟ ಮುಚ್ಚಳ ತೆಗೆದು, ಅಂಗಿಗೆ ಒರೆಸಿ, ತಿರುಗಿಸಿ ಬಿಗಿ ಮಾಡಿದ.